ರೇಂಜ್ ಖಾಲಿ ಇದ್ದಾಗ ಪೈಥಾನ್ ಲೂಪ್ ಏನು ಮಾಡುತ್ತದೆ?

ಪೈಥಾನ್‌ನಲ್ಲಿ ರೇಂಜ್ (ಲೂಪ್ ಒಂದೊಂದಾಗಿ ತೆಗೆದುಕೊಳ್ಳುವ ಅಂಕಿಗಳ ಸಾಲು) ಖಾಲಿ ಇದ್ದರೆ, ಲೂಪ್ ಒಂದೇ ಒಂದು ಸಲವೂ ಓಡದೆ ಮುಗಿದುಹೋಗಬಹುದು. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಪ್ರೋಗ್ರಾಂ ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ. ಹೊಸದಾಗಿ ಕಲಿಯುತ್ತಿರುವವರಿಗೆ ಇದು ಬಗ್ ಥರ ಕಾಣಬಹುದು. ಆದರೆ ಪೈಥಾನ್ ಬೇಕಂತಲೇ ಹೀಗೆ ನಡೆದುಕೊಳ್ಳುತ್ತದೆ, ಮತ್ತು ಅದು ತುಂಬಾ ಒಳ್ಳೆಯ ನಿರ್ಧಾರ. ತೊಂದರೆ ಬರುವುದು ಲೂಪ್ ಮುಗಿದ ಮೇಲಿನ ಸಾಲುಗಳಲ್ಲಿ. ಅಲ್ಲಿ ನಾವು, ಲೂಪ್ ಒಮ್ಮೆಯಾದರೂ ಓಡಿರುತ್ತದೆ ಅಂತ ನಂಬಿಕೊಂಡು ಕೋಡ್ ಬರೆದಿರುತ್ತೇವೆ.

ಹಾಗಾಗಿ ಪ್ರತಿ ಲೂಪ್ ಬರೆಯುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಸೊನ್ನೆ ಸಲ ಓಡಿದರೆ ನನ್ನ ಉತ್ತರ ಏನಿರಬೇಕು? ಈ ಲೇಖನ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ.

ಕೋಡ್ ಬಗ್ಗೆ ಒಂದು ಮಾತು. ಇಲ್ಲಿ ಫಾರ್, ಇನ್, ರೇಂಜ್, ಪ್ರಿಂಟ್ ಮುಂತಾದ ಪೈಥಾನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ಆದರೆ ಮೊತ್ತ, ಅಂಕ, ಪಟ್ಟಿ ಅಂತ ನಾನು ಕೊಟ್ಟಿರುವ ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟರೂ ನಡೆಯುತ್ತದೆ. ಪೈಥಾನ್ 3 ಅವನ್ನು ಒಪ್ಪಿಕೊಳ್ಳುತ್ತದೆ.

ಹೆಜ್ಜೆ 1: ರೇಂಜ್ ಯಾವಾಗ ಖಾಲಿ ಆಗುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಒಂದು ಪೈಥಾನ್ ಫೈಲ್‌ನಲ್ಲಿ ಬರೆದು ಓಡಿಸಿ.

    ಫಾರ್ ಅಂಕ ಇನ್ ರೇಂಜ್(0):
        ಪ್ರಿಂಟ್(ಅಂಕ)
    ಪ್ರಿಂಟ್("ಮುಗಿಯಿತು")

"ಮುಗಿಯಿತು" ಅಂತ ಮಾತ್ರ ಬರುತ್ತದೆ. ಈಗ ಸೊನ್ನೆಯ ಜಾಗದಲ್ಲಿ ಬೇರೆ ಬೇರೆ ಬೆಲೆ ಹಾಕಿ ನೋಡಿ. ರೇಂಜ್(-3) ಕೊಟ್ಟರೂ ಅದೇ ಫಲಿತಾಂಶ. ರೇಂಜ್(5, 5) ಖಾಲಿ. ರೇಂಜ್(5, 2) ಕೂಡ ಖಾಲಿ. ಐದರಿಂದ ಎರಡಕ್ಕೆ ಇಳಿಯಬೇಕು ಅಂತ ಪೈಥಾನ್ ತಾನಾಗಿ ಊಹಿಸುವುದಿಲ್ಲ. ಇಳಿಯಬೇಕಾದರೆ ಮೂರನೇ ಬೆಲೆಯಾಗಿ -1 ಕೊಡಬೇಕು. ರೇಂಜ್(5, 2, -1) ಅಂದರೆ 5, 4, 3. ಹಾಗೆಯೇ ರೇಂಜ್(2, 5, -1) ಖಾಲಿ, ಯಾಕೆಂದರೆ ಎರಡರಿಂದ ಕೆಳಗೆ ಇಳಿಯುತ್ತಾ ಹೋದರೆ ಐದು ಸಿಗುವುದೇ ಇಲ್ಲ.

ನಿಯಮ ಇಷ್ಟೇ: ರೇಂಜ್‌ನ ಹೆಜ್ಜೆ (ಆ ಮೂರನೇ ಬೆಲೆ, ಕೊಡದಿದ್ದರೆ 1) ಧನ ಸಂಖ್ಯೆಯಾಗಿದ್ದು, ಶುರುವಿನ ಬೆಲೆ ಕೊನೆಯ ಬೆಲೆಗೆ ಸಮ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರೇಂಜ್ ಖಾಲಿ. ಹೆಜ್ಜೆ ಋಣ ಸಂಖ್ಯೆಯಾಗಿದ್ದರೆ ಇದರ ತಿರುಗುಮುರುಗು.

ಹೆಜ್ಜೆ ಸೊನ್ನೆ ಆಗಿದ್ದರೆ ಮಾತ್ರ ಪೈಥಾನ್ ಸುಮ್ಮನಿರುವುದಿಲ್ಲ. ರೇಂಜ್(1, 5, 0) ಬರೆದರೆ ವ್ಯಾಲ್ಯೂಎರರ್ ಬರುತ್ತದೆ. ಅದು ಖಾಲಿ ರೇಂಜ್ ಅಲ್ಲ, ಅರ್ಥವೇ ಇಲ್ಲದ ರೇಂಜ್. ರೇಂಜ್(2.0) ಅಂತ ದಶಾಂಶ ಸಂಖ್ಯೆ ಕೊಟ್ಟರೆ ಟೈಪ್‌ಎರರ್.

ಐದರಿಂದ ಐದರವರೆಗೆ ಅಂದರೆ ಒಂದು ಅಂಕಿಯಾದರೂ ಬರಬೇಕಲ್ವಾ ಅಂತ ಹಲವರು ಕೇಳುತ್ತಾರೆ. ರೇಂಜ್‌ನಲ್ಲಿ ಶುರುವಿನ ಬೆಲೆ ಸೇರುತ್ತದೆ, ಕೊನೆಯ ಬೆಲೆ ಸೇರುವುದಿಲ್ಲ. ಹೀಗಿರುವುದರಿಂದಲೇ ಕೊನೆಯಿಂದ ಶುರುವನ್ನು ಕಳೆದರೆ ಎಷ್ಟು ಅಂಕಿಗಳಿವೆ ಅನ್ನುವುದು ನೇರವಾಗಿ ಸಿಗುತ್ತದೆ. 5ರಿಂದ 5 ಕಳೆದರೆ 0, ಅಂದರೆ ಖಾಲಿ. ಕೊನೆಯ ಬೆಲೆಯೂ ಸೇರುವಂತಿದ್ದರೆ, ಖಾಲಿ ರೇಂಜ್ ಬೇಕಾದಾಗ 5ರಿಂದ 4ರವರೆಗೆ ಅಂತ ವಿಚಿತ್ರವಾಗಿ ಬರೆಯಬೇಕಾಗುತ್ತಿತ್ತು. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಒಂದು ಚಿಕ್ಕ ಟಿಪ್ಪಣಿಯಲ್ಲಿ ಇದೇ ವಾದ ಇದೆ. ಖಾಲಿ ಸಾಲನ್ನು ಅಂದವಾಗಿ ಬರೆಯಲು ಬರಬೇಕು ಅನ್ನುವುದು ಅವರ ಮುಖ್ಯ ಕಾರಣಗಳಲ್ಲಿ ಒಂದು.

ಒಂದು ರೇಂಜ್ ಖಾಲಿ ಇದೆಯಾ ಅಂತ ನೋಡಲು ಅದನ್ನು ಪ್ರಿಂಟ್ ಮಾಡಿದರೆ ಪ್ರಯೋಜನವಿಲ್ಲ. ಪ್ರಿಂಟ್(ರೇಂಜ್(5, 2)) ಅಂದರೆ ನೀವು ಬರೆದದ್ದನ್ನೇ ಅದು ವಾಪಸ್ ತೋರಿಸುತ್ತದೆ. ಲಿಸ್ಟ್(ರೇಂಜ್(5, 2)) ಅಂತ ಕೇಳಿ, ಖಾಲಿ ಲಿಸ್ಟ್ ಕಾಣುತ್ತದೆ. ಲೆನ್ (ಉದ್ದ) ಕೇಳಿದರೆ 0 ಬರುತ್ತದೆ. ಇಫ್ ಒಳಗೆ ನೇರವಾಗಿ ಹಾಕಿದರೂ ಸರಿ, ಖಾಲಿ ರೇಂಜ್ ಅನ್ನು ಪೈಥಾನ್ ಫಾಲ್ಸ್ ಅಂತಲೇ ಲೆಕ್ಕ ಹಾಕುತ್ತದೆ. ಇನ್ನೂ ಒಂದು ವಿಷಯ: ರೇಂಜ್(0) == ರೇಂಜ್(5, 2) ಅಂತ ಹೋಲಿಸಿದರೆ ಟ್ರೂ ಬರುತ್ತದೆ. ಬರೆದ ಅಂಕಿಗಳು ಬೇರೆಯಾದರೂ ಎರಡರಲ್ಲೂ ಏನೂ ಇಲ್ಲ, ಹಾಗಾಗಿ ಎರಡೂ ಒಂದೇ.

ಹೆಜ್ಜೆ 2: ಒಳಗೆ ಏನು ನಡೆಯುತ್ತದೆ ನೋಡಿ

ಫಾರ್ ಲೂಪ್ ಶುರುವಾದಾಗ ಪೈಥಾನ್ ಮೊದಲು ಆ ರೇಂಜ್‌ನಿಂದ ಒಂದು ಇಟರೇಟರ್ ಪಡೆಯುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಮುಂಚೆ "ಮುಂದಿನದು ಕೊಡು" ಅಂತ ಅದನ್ನು ಕೇಳುತ್ತದೆ. ಕೊಡಲು ಏನೂ ಉಳಿದಿಲ್ಲದಿದ್ದರೆ ಇಟರೇಟರ್ ಸ್ಟಾಪ್‌ಇಟರೇಶನ್ ಎಂಬ ಸೂಚನೆ ಕಳಿಸುತ್ತದೆ. ಲೂಪ್ ಅದನ್ನು ಹಿಡಿದುಕೊಂಡು ನಿಲ್ಲುತ್ತದೆ. ಇದನ್ನು ಕೈಯಾರೆ ಮಾಡಿ ನೋಡಬಹುದು.

    ಇಟ = ಇಟರ್(ರೇಂಜ್(0))
    ನೆಕ್ಸ್ಟ್(ಇಟ)

ಎರಡನೇ ಸಾಲಿಗೇ ಸ್ಟಾಪ್‌ಇಟರೇಶನ್ ಬರುತ್ತದೆ. ಫಾರ್ ಲೂಪ್‌ಗೆ ಸಾವಿರ ಅಂಕಿಗಳ ರೇಂಜ್ ಕೊಟ್ಟರೂ ಕೊನೆಗೆ ಬರುವುದು ಇದೇ ಸೂಚನೆ. ಖಾಲಿ ರೇಂಜ್‌ನಲ್ಲಿ ಅದು ಮೊದಲ ಕರೆಗೇ ಬಂತು, ಅಷ್ಟೇ ವ್ಯತ್ಯಾಸ. ಖಾಲಿ ರೇಂಜ್‌ಗೆ ಅಂತ ಪೈಥಾನ್‌ನಲ್ಲಿ ಬೇರೆ ನಿಯಮವೇ ಇಲ್ಲ. ಎರರ್ ಯಾಕೆ ಬರುವುದಿಲ್ಲ ಅನ್ನುವುದಕ್ಕೂ ಇದೇ ಉತ್ತರ.

ಎಲ್ಲ ಭಾಷೆಗಳೂ ಹೀಗಿಲ್ಲ. ಆರ್ ಭಾಷೆಯಲ್ಲಿ 1:0 ಅಂದರೆ ಖಾಲಿ ಅಲ್ಲ, 1 ಮತ್ತು 0 ಎಂಬ ಎರಡು ಅಂಕಿಗಳು. 1:ಎಣಿಕೆ ಅಂತ ಬರೆದಿದ್ದರೆ, ಡೇಟಾದಲ್ಲಿ ಏನೂ ಇಲ್ಲದಿದ್ದಾಗ ಲೂಪ್ ಎರಡು ಸಲ ಓಡುತ್ತದೆ. ಅದಕ್ಕೇ ಅಲ್ಲಿ ಸೆಕ್_ಲೆನ್ ಎಂಬ ಫಂಕ್ಷನ್ ಬಳಸಿ ಅಂತ ಹೇಳಿಕೊಡುತ್ತಾರೆ. ಹಳೆಯ ಫೋರ್ಟ್ರಾನ್‌ನ ಹಲವು ಕಂಪೈಲರ್‌ಗಳಲ್ಲಿ ಲೂಪ್ ಏನೇ ಆದರೂ ಒಂದು ಸಲ ಓಡಿಯೇ ತೀರುತ್ತಿತ್ತು. ಫೋರ್ಟ್ರಾನ್ 77 ಬಂದ ಮೇಲೆ, ಸೊನ್ನೆ ಸಲ ಓಡುವುದೂ ಸರಿ ಅಂತ ನಿಯಮ ಆಯಿತು. ಆ ಭಾಷೆಗಳಿಂದ ಪೈಥಾನ್‌ಗೆ ಬಂದವರು ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ವೈಲ್ ಲೂಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಷರತ್ತು ಮೊದಲ ಸಲವೇ ಸುಳ್ಳಾದರೆ ಅದರ ಒಳಭಾಗವೂ ಓಡುವುದಿಲ್ಲ.

ಹೆಜ್ಜೆ 3: ಲೂಪ್ ವೇರಿಯಬಲ್ ಅನ್ನು ಹೊರಗೆ ನಂಬಬೇಡಿ

ಪೈಥಾನ್‌ನಲ್ಲಿ ಲೂಪ್ ಮುಗಿದ ಮೇಲೂ ಅದರ ವೇರಿಯಬಲ್ ಉಳಿದಿರುತ್ತದೆ. ರೇಂಜ್(3) ಮೇಲೆ ಲೂಪ್ ಓಡಿಸಿ, ಆಮೇಲೆ ಅಂಕ ಅಂತ ಕೇಳಿದರೆ 2 ಸಿಗುತ್ತದೆ. ಇದನ್ನು ನೋಡಿದವರು "ಕೊನೆಯ ಬೆಲೆ ಬೇಕಾದಾಗ ಹೀಗೆ ತಗೊಳ್ಳಬಹುದು" ಅಂದುಕೊಳ್ಳುತ್ತಾರೆ. ರೇಂಜ್ ಖಾಲಿ ಇದ್ದ ದಿನ ಅದು ಕೈಕೊಡುತ್ತದೆ.

    ಫಾರ್ ಸಾಲು ಇನ್ ರೇಂಜ್(ಎಣಿಕೆ):
        ಪ್ರಿಂಟ್(ಸಾಲು)
    ಪ್ರಿಂಟ್("ಕೊನೆಯ ಸಾಲು", ಸಾಲು)

ಎಣಿಕೆ 0 ಆಗಿದ್ದರೆ ಸಾಲು ಎಂಬ ಹೆಸರೇ ಹುಟ್ಟಿರುವುದಿಲ್ಲ. ಫಂಕ್ಷನ್ ಹೊರಗಿದ್ದರೆ ನೇಮ್‌ಎರರ್ ಬರುತ್ತದೆ. ಫಂಕ್ಷನ್ ಒಳಗಿದ್ದರೆ ಅನ್‌ಬೌಂಡ್‌ಲೋಕಲ್‌ಎರರ್.

ಎರರ್ ಬಂದರೆ ಪುಣ್ಯ, ಯಾಕೆಂದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದೇ ಹೆಸರನ್ನು ಮೇಲೆ ಬೇರೆ ಲೂಪ್‌ನಲ್ಲಿ ಬಳಸಿದ್ದರೆ, ಅದರ ಹಳೆಯ ಬೆಲೆ ಹಾಗೇ ಕೂತಿರುತ್ತದೆ. ಖಾಲಿ ಲೂಪ್ ಅದನ್ನು ಮುಟ್ಟುವುದಿಲ್ಲ, ಅಳಿಸುವುದೂ ಇಲ್ಲ. ಆಗ ಎರರ್ ಇಲ್ಲದೆ, ತಪ್ಪು ಉತ್ತರ ಸರಾಗವಾಗಿ ಪ್ರಿಂಟ್ ಆಗುತ್ತದೆ. ಜೂಪಿಟರ್ ನೋಟ್‌ಬುಕ್‌ನಲ್ಲಿ (ಕೋಡನ್ನು ಸೆಲ್ ಎಂಬ ತುಂಡುಗಳಾಗಿ ಓಡಿಸುವ ಸಾಧನ) ಕೆಲಸ ಮಾಡುವವರಿಗೆ ಈ ಅಪಾಯ ಜಾಸ್ತಿ. ಬೆಳಿಗ್ಗೆ ಓಡಿಸಿದ ಸೆಲ್‌ನ ಬೆಲೆ ಸಂಜೆಯ ತನಕವೂ ಮೆಮೊರಿಯಲ್ಲಿ ಇರುತ್ತದೆ.

ಪರಿಹಾರ ಸುಲಭ. ಲೂಪ್‌ನ ನಂತರ ಬೇಕಾಗುವ ಯಾವುದೇ ಬೆಲೆಗೆ ಲೂಪ್‌ಗಿಂತ ಮುಂಚೆಯೇ ಒಂದು ಆರಂಭದ ಬೆಲೆ ಕೊಡಿ. ಕೊನೆ = ನನ್ ಅಂತ ಒಂದು ಸಾಲು ಹಾಕಿ (ನನ್ ಅಂದರೆ None, "ಬೆಲೆ ಇಲ್ಲ" ಅನ್ನುವ ಪೈಥಾನ್ ಪದ). ಲೂಪ್ ಒಳಗೆ ಕೊನೆ = ಸಾಲು ಅಂತ ಬರೆಯಿರಿ. ಹೊರಗೆ ಬಂದ ಮೇಲೆ, ಕೊನೆ ಇನ್ನೂ ನನ್ ಆಗಿಯೇ ಇದ್ದರೆ ಲೂಪ್ ಓಡಲಿಲ್ಲ ಅಂತ ನಿಮಗೆ ಖಚಿತವಾಗಿ ಗೊತ್ತಾಗುತ್ತದೆ.

ಹೆಜ್ಜೆ 4: ಆರಂಭದ ಬೆಲೆಯೇ ಉತ್ತರ ಅನ್ನುವುದನ್ನು ನೆನಪಿಡಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಇಲ್ಲಿ ನಿಧಾನವಾಗಿ ಹೋಗೋಣ.

ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ) ಲೆಕ್ಕ ಹಾಕುವ ಫಂಕ್ಷನ್ ನೋಡಿ.

    ಡೆಫ್ ಫ್ಯಾಕ್ಟೋರಿಯಲ್(ನ):
        ಗುಣಲಬ್ಧ = 1
        ಫಾರ್ ಅಂಕ ಇನ್ ರೇಂಜ್(2, ನ + 1):
            ಗುಣಲಬ್ಧ = ಗುಣಲಬ್ಧ * ಅಂಕ
        ರಿಟರ್ನ್ ಗುಣಲಬ್ಧ

ನ ಬೆಲೆ 0 ಆಗಿದ್ದರೆ ರೇಂಜ್(2, 1) ಆಗುತ್ತದೆ, ಅಂದರೆ ಖಾಲಿ. ಲೂಪ್ ಓಡುವುದಿಲ್ಲ, ಆರಂಭದ 1 ಹಾಗೇ ಹೊರಗೆ ಬರುತ್ತದೆ. ಸೊನ್ನೆಯ ಫ್ಯಾಕ್ಟೋರಿಯಲ್ 1, ಹಾಗಾಗಿ ಉತ್ತರ ಸರಿ. ಸೊನ್ನೆಗೆ ಅಂತ ಬೇರೆ ಇಫ್ ಬರೆಯುವ ಅಗತ್ಯವೇ ಬೀಳಲಿಲ್ಲ. ಈಗ ನ ಜಾಗದಲ್ಲಿ -3 ಕೊಡಿ. ರೇಂಜ್(2, -2) ಕೂಡ ಖಾಲಿ, ಮತ್ತೆ 1 ಬರುತ್ತದೆ. ಋಣ ಸಂಖ್ಯೆಗೆ ಫ್ಯಾಕ್ಟೋರಿಯಲ್ ಇಲ್ಲ, ಆದ್ದರಿಂದ ಈ 1 ತಪ್ಪು. ಪೈಥಾನ್‌ನ ಮ್ಯಾಥ್ ಮಾಡ್ಯೂಲ್‌ನಲ್ಲಿರುವ ಫ್ಯಾಕ್ಟೋರಿಯಲ್ ಇಂಥ ಕಡೆ ವ್ಯಾಲ್ಯೂಎರರ್ ಎಬ್ಬಿಸುತ್ತದೆ. ನಮ್ಮ ಫಂಕ್ಷನ್‌ನಲ್ಲೂ ಮೊದಲ ಸಾಲಿಗೇ ಆ ತಪಾಸಣೆ ಇರಬೇಕು.

ಅವಿಭಾಜ್ಯ ಸಂಖ್ಯೆ ಪರೀಕ್ಷಿಸುವ ಕೋಡ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

    ಡೆಫ್ ಅವಿಭಾಜ್ಯವೇ(ನ):
        ಫಾರ್ ಭಾಜಕ ಇನ್ ರೇಂಜ್(2, ಇಂಟ್(ನ ** 0.5) + 1):
            ಇಫ್ ನ % ಭಾಜಕ == 0:
                ರಿಟರ್ನ್ ಫಾಲ್ಸ್
        ರಿಟರ್ನ್ ಟ್ರೂ

ನ 2 ಅಥವಾ 3 ಇದ್ದಾಗ ರೇಂಜ್(2, 2) ಆಗುತ್ತದೆ. ಖಾಲಿ. ಟ್ರೂ ಬರುತ್ತದೆ, ಸರಿಯಾದ ಉತ್ತರ. ನ 1 ಇದ್ದಾಗಲೂ ರೇಂಜ್(2, 2). ಟ್ರೂ ಬರುತ್ತದೆ, ಆದರೆ 1 ಅವಿಭಾಜ್ಯ ಅಲ್ಲ. ಸೊನ್ನೆ ಕೊಟ್ಟರೂ ಇದೇ ತಪ್ಪು. ಒಂದೇ ಖಾಲಿ ರೇಂಜ್, ಎರಡು ಕಡೆ ಸರಿ, ಇನ್ನೆರಡು ಕಡೆ ತಪ್ಪು! ಖಾಲಿ ಆಗಿದೆಯಾ ಅಂತ ಮಾತ್ರ ನೋಡಿದರೆ ಸಾಲದು, ಯಾಕೆ ಖಾಲಿ ಆಯಿತು ಅಂತಲೂ ಕೇಳಬೇಕು. ಎರಡು ಮತ್ತು ಮೂರಕ್ಕೆ, ಪರೀಕ್ಷಿಸಬೇಕಾದ ಭಾಜಕಗಳೇ ಇಲ್ಲ ಅನ್ನುವ ಕಾರಣಕ್ಕೆ ಖಾಲಿ. ಸೊನ್ನೆ ಮತ್ತು ಒಂದಕ್ಕೆ, ಪ್ರಶ್ನೆಯೇ ಅನ್ವಯಿಸದ ಬೆಲೆ ಒಳಗೆ ಬಂತು ಅನ್ನುವ ಕಾರಣಕ್ಕೆ ಖಾಲಿ. ಲೂಪ್‌ಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಇಫ್ ನ < 2: ರಿಟರ್ನ್ ಫಾಲ್ಸ್ ಅಂತ ಮೇಲೆ ಒಂದು ಸಾಲು ಸೇರಿಸಿದರೆ ಎಲ್ಲ ಸರಿಹೋಗುತ್ತದೆ.

ಪೈಥಾನ್‌ನ ಸ್ವಂತ ಫಂಕ್ಷನ್‌ಗಳೂ ಇದೇ ಯೋಚನೆಯ ಮೇಲೆ ನಿಂತಿವೆ. ಖಾಲಿ ರೇಂಜ್ ಮೇಲೆ ಸಮ್ (ಮೊತ್ತ) 0 ಕೊಡುತ್ತದೆ. ಮ್ಯಾಥ್ ಮಾಡ್ಯೂಲ್‌ನ ಪ್ರಾಡ್ (ಗುಣಲಬ್ಧ) 1 ಕೊಡುತ್ತದೆ. ಮ್ಯಾಕ್ಸ್ ಮತ್ತು ಮಿನ್ ವ್ಯಾಲ್ಯೂಎರರ್ ಕೊಡುತ್ತವೆ, ಯಾಕೆಂದರೆ ಏನೂ ಇಲ್ಲದ ಕಡೆ ಅತಿ ದೊಡ್ಡದು ಅಂತ ಯಾವುದನ್ನು ಹೇಳುವುದು? ನಿಮ್ಮ ಕೆಲಸಕ್ಕೆ ಒಪ್ಪುವ ಬೆಲೆ ಇದ್ದರೆ ಡಿಫಾಲ್ಟ್ ಅಂತ ಕೊಡಬಹುದು: ಮ್ಯಾಕ್ಸ್(ಪಟ್ಟಿ, ಡಿಫಾಲ್ಟ್=0). ಆದರೆ ಎರರ್ ಬಾಯಿ ಮುಚ್ಚಿಸಲು ಮಾತ್ರ ಸೊನ್ನೆ ಹಾಕಬೇಡಿ. ತಾಪಮಾನದ ಪಟ್ಟಿ ಖಾಲಿ ಇದ್ದಾಗ "ಗರಿಷ್ಠ 0 ಡಿಗ್ರಿ" ಅಂತ ಬಂದರೆ, ಓದುವವರು ಅದನ್ನು ನಿಜವಾದ ಅಳತೆ ಅಂತಲೇ ನಂಬುತ್ತಾರೆ.

ಸರಾಸರಿಯ ಕಥೆಯೂ ಇಂಥದ್ದೇ. ಮೊತ್ತವನ್ನು ಲೆನ್(ಪಟ್ಟಿ) ಇಂದ ಭಾಗಿಸುವ ಸಾಲು, ಪಟ್ಟಿ ಖಾಲಿ ಇದ್ದಾಗ ಜೀರೋಡಿವಿಷನ್‌ಎರರ್ ಕೊಡುತ್ತದೆ. ಲೂಪ್ ಸುಮ್ಮನೆ ದಾಟಿ ಬಂತು, ಪೆಟ್ಟು ಬಿದ್ದದ್ದು ಎರಡು ಸಾಲು ಕೆಳಗೆ.

ಹೆಜ್ಜೆ 5: ಎಲ್ಸ್ ಮತ್ತು ಆಲ್ ಬಳಸುವಾಗ ಎಚ್ಚರ

ಪೈಥಾನ್‌ನಲ್ಲಿ ಫಾರ್ ಲೂಪ್‌ಗೂ ಎಲ್ಸ್ ಹಾಕಬಹುದು. ಬ್ರೇಕ್ ಆಗದೆ (ಮಧ್ಯದಲ್ಲೇ ನಿಲ್ಲದೆ) ಲೂಪ್ ಮುಗಿದರೆ ಎಲ್ಸ್ ಭಾಗ ಓಡುತ್ತದೆ. ಖಾಲಿ ಲೂಪ್‌ನಲ್ಲಿ ಬ್ರೇಕ್ ಆಗುವ ಅವಕಾಶವೇ ಇಲ್ಲ, ಹಾಗಾಗಿ ಎಲ್ಸ್ ಯಾವಾಗಲೂ ಓಡುತ್ತದೆ. "ಲೂಪ್ ಖಾಲಿ ಇದ್ದರೆ ಮಾತ್ರ ಎಲ್ಸ್" ಅಂತ ತಪ್ಪು ತಿಳಿಯುವವರು ತುಂಬಾ ಜನ. ಹಾಗಲ್ಲ, ಹತ್ತು ಸಲ ಓಡಿ ಬ್ರೇಕ್ ಆಗದಿದ್ದರೂ ಅದು ಓಡುತ್ತದೆ.

    ಫಾರ್ ಫೈಲ್ ಇನ್ ಪಟ್ಟಿ:
        ಇಫ್ ಹಾಳಾಗಿದೆ(ಫೈಲ್):
            ಪ್ರಿಂಟ್("ತೊಂದರೆ ಇದೆ")
            ಬ್ರೇಕ್
    ಎಲ್ಸ್:
        ಪ್ರಿಂಟ್("ಎಲ್ಲ ಫೈಲ್‌ಗಳೂ ಸರಿ ಇವೆ")

ಫೋಲ್ಡರ್ ಹೆಸರನ್ನು ತಪ್ಪಾಗಿ ಕೊಟ್ಟು ಪಟ್ಟಿ ಖಾಲಿ ಬಂದರೂ ಈ ಕೋಡ್ "ಎಲ್ಲ ಫೈಲ್‌ಗಳೂ ಸರಿ ಇವೆ" ಅನ್ನುತ್ತದೆ. ತರ್ಕದ ಪ್ರಕಾರ ಇದು ಸುಳ್ಳಲ್ಲ, ಹಾಳಾದ ಫೈಲ್ ಒಂದೂ ಇಲ್ಲ. ಆದರೆ ಬ್ಯಾಕಪ್ ಪರೀಕ್ಷಿಸುವ ಸ್ಕ್ರಿಪ್ಟ್ ಹೀಗೆ ಹೇಳಿದರೆ ಅದನ್ನು ನಂಬಿದವರ ಗತಿ ಏನು? ಎಲ್ಲವೂ ನಿಜವೇ ಅಂತ ನೋಡುವ ಆಲ್ ಎಂಬ ಫಂಕ್ಷನ್ ಕೂಡ ಖಾಲಿ ಪಟ್ಟಿಗೆ ಟ್ರೂ ಕೊಡುವುದು ಇದೇ ತರ್ಕದಿಂದ. ಒಂದಾದರೂ ನಿಜವೇ ಅಂತ ನೋಡುವ ಎನಿ ಫಾಲ್ಸ್ ಕೊಡುತ್ತದೆ. ಅನುಮತಿ, ತಪಾಸಣೆ, ಪರಿಶೀಲನೆ ಮಾಡುವ ಕೋಡ್‌ನಲ್ಲಿ ಆಲ್ ಬಳಸುವಾಗ ಪಟ್ಟಿಯಲ್ಲಿ ಏನಾದರೂ ಇದೆಯಾ ಅಂತಲೂ ನೋಡಿ. ಇಫ್ ಪಟ್ಟಿ ಆಂಡ್ ಆಲ್(...) ಅಂತ ಬರೆದರೆ ಮುಗಿಯಿತು.

ಹೆಜ್ಜೆ 6: ಖಾಲಿ ಥರ ಕಾಣುವ ಆದರೆ ಖಾಲಿ ಅಲ್ಲದವು

ಖಾಲಿ ಸ್ಟ್ರಿಂಗ್ ಅನ್ನು ಕಾಮಾದಿಂದ ತುಂಡು ಮಾಡಿ, "".ಸ್ಪ್ಲಿಟ್(",") ಅಂತ. ಖಾಲಿ ಲಿಸ್ಟ್ ಬರುವುದಿಲ್ಲ. ಒಂದು ಖಾಲಿ ಸ್ಟ್ರಿಂಗ್ ಇರುವ ಲಿಸ್ಟ್ ಬರುತ್ತದೆ, ಲೂಪ್ ಒಂದು ಸಲ ಓಡುತ್ತದೆ. ಆದರೆ ಬ್ರಾಕೆಟ್ ಒಳಗೆ ಏನೂ ಕೊಡದೆ "".ಸ್ಪ್ಲಿಟ್() ಅಂದರೆ ನಿಜವಾಗಿಯೂ ಖಾಲಿ ಲಿಸ್ಟ್. ಫಾರ್ಮ್‌ನಲ್ಲಿ ಬಳಕೆದಾರರು ಏನೂ ತುಂಬದೆ ಬಿಟ್ಟ ಜಾಗವನ್ನು ಓದುವಾಗ ಈ ವ್ಯತ್ಯಾಸ ತುಂಬಾ ಕಾಡುತ್ತದೆ.

ಸ್ಲೈಸ್‌ನಲ್ಲಿ (ಪಟ್ಟಿಯ ಒಂದು ಭಾಗ ತೆಗೆಯುವಾಗ) ಇನ್ನೊಂದು. ಕೊನೆಯ ಕೆಲವು ಸದಸ್ಯರು ಬೇಕು ಅಂತ ಪಟ್ಟಿ[-ಎಷ್ಟು:] ಬರೆಯುತ್ತೇವೆ. ಎಷ್ಟು ಬೆಲೆ 0 ಆದರೆ? ಮೈನಸ್ ಸೊನ್ನೆ ಅಂದರೂ ಸೊನ್ನೆಯೇ, ಆದ್ದರಿಂದ ಪಟ್ಟಿ[0:] ಆಗಿ ಪೂರ್ತಿ ಪಟ್ಟಿ ಕೈಗೆ ಬರುತ್ತದೆ. ಏನೂ ಬೇಡ ಅಂದವರಿಗೆ ಎಲ್ಲವೂ ಸಿಕ್ಕಿತು. ಎಷ್ಟು ಬೆಲೆ ಪಟ್ಟಿಯ ಉದ್ದವನ್ನು ಮೀರುವುದಿಲ್ಲ ಅಂತಾದರೆ ಪಟ್ಟಿ[ಲೆನ್(ಪಟ್ಟಿ) - ಎಷ್ಟು:] ಅಂತ ಬರೆದರೆ ಸೊನ್ನೆಗೂ ಸರಿಯಾಗಿ ನಡೆಯುತ್ತದೆ.

ನನ್ ಖಾಲಿ ಪಟ್ಟಿ ಅಲ್ಲ. ಅದರ ಮೇಲೆ ಲೂಪ್ ಓಡಿಸಿದರೆ ಟೈಪ್‌ಎರರ್. ನೀವು ಬರೆಯುವ ಫಂಕ್ಷನ್ ಏನೂ ಸಿಗದಿದ್ದಾಗ ನನ್ ಬದಲು ಖಾಲಿ ಲಿಸ್ಟ್ ವಾಪಸ್ ಕೊಟ್ಟರೆ, ಅದನ್ನು ಬಳಸುವವರ ಲೂಪ್ ಯಾವ ತಪಾಸಣೆಯೂ ಇಲ್ಲದೆ ಓಡುತ್ತದೆ.

ಜನರೇಟರ್‌ಗಳು (ಕೇಳಿದಾಗ ಬೆಲೆಗಳನ್ನು ಒಂದೊಂದಾಗಿ ಕೊಡುವವು) ಇದರ ಉಲ್ಟಾ, ಖಾಲಿ ಅಲ್ಲದಂತೆ ಕಂಡರೂ ಖಾಲಿ ಆಗಿರಬಹುದು. ರೇಂಜ್ ಮೇಲೆ ಎಷ್ಟು ಸಲ ಬೇಕಾದರೂ ಲೂಪ್ ಓಡಿಸಬಹುದು, ಅದು ಮುಗಿದುಹೋಗುವುದಿಲ್ಲ. ಆದರೆ ಮ್ಯಾಪ್, ಫಿಲ್ಟರ್, ಜಿಪ್ ಮತ್ತು ಜನರೇಟರ್‌ಗಳು ಒಂದೇ ಬಳಕೆಗೆ. ಒಮ್ಮೆ ಅವುಗಳ ಮೊತ್ತ ಹಾಕಿ, ಆಮೇಲೆ ಮತ್ತೆ ಲೂಪ್ ಓಡಿಸಿದರೆ ಎರಡನೇ ಲೂಪ್ ಖಾಲಿ. ಅದೂ ಸದ್ದಿಲ್ಲದೆ. ಇವುಗಳನ್ನು ಇಫ್‌ನಿಂದ ಪರೀಕ್ಷಿಸಲೂ ಆಗುವುದಿಲ್ಲ, ಒಳಗೆ ಏನೂ ಇಲ್ಲದಿದ್ದರೂ ಟ್ರೂ ಅಂತಲೇ ಹೇಳುತ್ತವೆ. ಎರಡು ಸಲ ಬೇಕಾದರೆ ಮೊದಲೇ ಲಿಸ್ಟ್ ಮಾಡಿಕೊಳ್ಳಿ.

ಹೆಜ್ಜೆ 7: ಖಾಲಿತನವನ್ನು ಕೆಲಸಕ್ಕೆ ಹಚ್ಚಿ

ಇಲ್ಲಿಯ ತನಕ ಎಚ್ಚರಿಕೆಯೇ ಜಾಸ್ತಿ ಆಯಿತು. ಆದರೆ ಖಾಲಿ ರೇಂಜ್ ನಮ್ಮ ಕೋಡ್ ಅನ್ನು ಎಷ್ಟು ಚಿಕ್ಕದು ಮಾಡುತ್ತದೆ ಅನ್ನುವುದನ್ನೂ ನೋಡಬೇಕು. ಪಕ್ಕಪಕ್ಕದ ಜೋಡಿಗಳನ್ನು ಹೋಲಿಸುವ ಲೂಪ್ ರೇಂಜ್(ಲೆನ್(ಪಟ್ಟಿ) - 1) ಬಳಸುತ್ತದೆ. ಪಟ್ಟಿಯಲ್ಲಿ ಒಂದೇ ಸದಸ್ಯ ಇದ್ದರೆ ರೇಂಜ್(0), ಏನೂ ಇಲ್ಲದಿದ್ದರೆ ರೇಂಜ್(-1). ಎರಡೂ ಖಾಲಿ, ಎರಡೂ ಸರಿ. ಹಿಂದಿನಿಂದ ಬರುವ ರೇಂಜ್(ಲೆನ್(ಪಟ್ಟಿ) - 1, -1, -1) ಕೂಡ ಖಾಲಿ ಪಟ್ಟಿಗೆ ರೇಂಜ್(-1, -1, -1) ಆಗಿ ತೆಪ್ಪಗೆ ನಿಲ್ಲುತ್ತದೆ. ಲೂಪ್ ಒಳಗೆ ಲೂಪ್ ಇದ್ದಾಗ, ಹೊರಗಿನದರ ವೇರಿಯಬಲ್ ಐ ಸೊನ್ನೆಯಿಂದ ಶುರುವಾಗಿ, ಒಳಗಿನದು ರೇಂಜ್(ಐ) ಆಗಿದ್ದರೆ ಮೊದಲ ಸುತ್ತಿನಲ್ಲಿ ಅದು ಯಾವಾಗಲೂ ಖಾಲಿ. ಮೊದಲ ಸದಸ್ಯಕ್ಕೆ ಹಿಂದೆ ಹೋಲಿಸಲು ಯಾರೂ ಇಲ್ಲ, ಲೆಕ್ಕ ತಾನಾಗಿ ಕೂಡುತ್ತದೆ.

ಆದ್ದರಿಂದ ಪ್ರತಿ ಲೂಪ್ ಮುಂದೆಯೂ ಇಫ್ ಲೆನ್(ಪಟ್ಟಿ) > 0 ಅಂತ ಹಾಕುವ ಅಭ್ಯಾಸ ಬೇಡ. ಖಾಲಿಗೆ ಬೇರೆಯೇ ಉತ್ತರ ಬೇಕಾದ ಕಡೆ ಮಾತ್ರ ಹಾಕಿ. ಆಗ ಆ ಇಫ್ ನೋಡಿದವರಿಗೆ, ಇಲ್ಲಿ ಏನೋ ವಿಶೇಷ ಇದೆ ಅಂತ ಗೊತ್ತಾಗುತ್ತದೆ.

ದಿನಾಂಕಗಳ ಲೂಪ್ ಅಂಥ ಒಂದು ಜಾಗ. (ಕೊನೆ - ಶುರು).ಡೇಸ್ + 1 ಅಂತ ಲೆಕ್ಕ ಹಾಕಿ ರೇಂಜ್‌ಗೆ ಕೊಟ್ಟರೆ ಎರಡೂ ತುದಿಯ ದಿನಗಳು ಸೇರುತ್ತವೆ. ಯಾರಾದರೂ ಎರಡು ದಿನಾಂಕಗಳನ್ನು ಅದಲು ಬದಲು ಮಾಡಿ ಕೊಟ್ಟರೆ ಲೆಕ್ಕ ಸೊನ್ನೆ ಅಥವಾ ಋಣ ಸಂಖ್ಯೆ ಆಗುತ್ತದೆ, ರೇಂಜ್ ಖಾಲಿ, ವರದಿ ಬರೀ ಖಾಲಿ ಹಾಳೆ. "ಆ ದಿನಗಳಲ್ಲಿ ಏನೂ ನಡೆದಿಲ್ಲ" ಅಂತ ಓದುಗರು ತಿಳಿಯುತ್ತಾರೆ. ಇಲ್ಲಿ ಕೊನೆ < ಶುರು ಇದ್ದರೆ ವ್ಯಾಲ್ಯೂಎರರ್ ಎಬ್ಬಿಸಿ.

ಹೆಜ್ಜೆ 8: ಟೆಸ್ಟ್ ಬರೆಯಿರಿ, ಟೆಸ್ಟನ್ನೂ ಅನುಮಾನಿಸಿ

ನಿಮ್ಮ ಫಂಕ್ಷನ್‌ಗೆ ಕನಿಷ್ಠ ಮೂರು ಟೆಸ್ಟ್ ಇರಲಿ: ಸದಸ್ಯರೇ ಇಲ್ಲದ ಪಟ್ಟಿ, ಒಬ್ಬನೇ ಸದಸ್ಯ ಇರುವ ಪಟ್ಟಿ, ಹಲವರು ಇರುವ ಪಟ್ಟಿ. ರೇಂಜ್‌ಗೆ ಸಂಖ್ಯೆ ಕೊಡುವ ಫಂಕ್ಷನ್ ಆಗಿದ್ದರೆ ಋಣ ಸಂಖ್ಯೆಯನ್ನೂ ಸೇರಿಸಿ.

ಟೆಸ್ಟ್ ಒಳಗೇ ಲೂಪ್ ಇದ್ದರೆ ಇನ್ನೂ ಹುಷಾರಾಗಿರಬೇಕು. ಫಾರ್ ಫಲ ಇನ್ ಹುಡುಕು(): ಅಸರ್ಟ್ ಫಲ > 0 ಅಂತ ಬರೆದ ಟೆಸ್ಟ್, ಹುಡುಕು ಫಂಕ್ಷನ್ ಕೆಟ್ಟು ಖಾಲಿ ಪಟ್ಟಿ ಕೊಟ್ಟರೂ ಪಾಸ್ ಆಗುತ್ತದೆ. ಒಂದು ಅಸರ್ಟ್ (ಪರೀಕ್ಷಿಸುವ ಸಾಲು) ಕೂಡ ಓಡಿಲ್ಲ, ಆದರೂ ಹಸಿರು ಬಣ್ಣ. ಲೂಪ್‌ಗೆ ಮುಂಚೆ ಫಲಗಳು = ಹುಡುಕು() ಅಂತ ಹಿಡಿದಿಟ್ಟುಕೊಂಡು, ಅಸರ್ಟ್ ಲೆನ್(ಫಲಗಳು) == 4 ಅಂತ ನಿಮಗೆ ಗೊತ್ತಿರುವ ಎಣಿಕೆಯನ್ನು ಮೊದಲು ಪರೀಕ್ಷಿಸಿ. ಪೈಟೆಸ್ಟ್ ಎಂಬ ಟೆಸ್ಟ್ ಸಾಧನ ಬಳಸುವವರು, ಒಂದೇ ಟೆಸ್ಟನ್ನು ಹಲವು ಬೆಲೆಗಳಿಗೆ ಓಡಿಸುವ ಪ್ಯಾರಮೆಟ್ರೈಜ್‌ಗೆ ಖಾಲಿ ಪಟ್ಟಿ ಕೊಟ್ಟರೆ ಆ ಟೆಸ್ಟ್ ಫೇಲ್ ಆಗುವುದಿಲ್ಲ, ಸ್ಕಿಪ್ ಆಗುತ್ತದೆ. ಟೆಸ್ಟ್‌ಗಳ ಬೆಲೆಗಳನ್ನು ಫೈಲ್‌ನಿಂದ ಓದುತ್ತಿದ್ದರೆ, ಪೈಟೆಸ್ಟ್ ಸೆಟ್ಟಿಂಗ್‌ನಲ್ಲಿ ಎಂಪ್ಟಿ_ಪ್ಯಾರಾಮೀಟರ್_ಸೆಟ್_ಮಾರ್ಕ್ ಬೆಲೆಯನ್ನು ಫೇಲ್_ಅಟ್_ಕಲೆಕ್ಟ್ ಅಂತ ಬದಲಾಯಿಸಿ. ಆಗ ಫೈಲ್ ಖಾಲಿ ಬಂದ ತಕ್ಷಣ ಟೆಸ್ಟ್ ಓಟ ಅಲ್ಲೇ ನಿಲ್ಲುತ್ತದೆ.